ಐವತ್ತರ ಕಾಲಿಗೆ ಚಪ್ಪಲಿ: ನಂಬರ್ ಬಿಡಿ, ರಟ್ಟು ಕತ್ತರಿಸಿ

ಚಪ್ಪಲಿ ಅಂಗಡಿಗೆ ಹೊರಡುವ ಮೊದಲು ಮನೆಯಲ್ಲಿ ಒಂದು ರಟ್ಟು ಹುಡುಕಿ. ಮಕ್ಕಳ ಹಳೆಯ ಲಾಂಗ್ ಬುಕ್ಕಿನ ಹಿಂದಿನ ರಟ್ಟಾದರೂ ಸಾಕು. ಸಂಜೆ ಆರರ ಮೇಲೆ ಅದನ್ನು ನೆಲದ ಮೇಲಿಟ್ಟು, ಅದರ ಮೇಲೆ ನಿಂತುಕೊಳ್ಳಿ. ಕೂತು ಅಲ್ಲ, ನಿಂತು. ಪೂರ್ತಿ ಭಾರ ಆ ಕಾಲಿನ ಮೇಲೆ ಬೀಳಬೇಕು. ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯುವ ಕೆಲಸ ಮನೆಯ ಇನ್ನೊಬ್ಬರದ್ದು. ನಾವೇ ಬಗ್ಗಿದರೆ ಭಾರ ಸರಿದು ಗೆರೆ ತಪ್ಪುತ್ತದೆ. ಎರಡೂ ಕಾಲಿನದು ತೆಗೆಯಿರಿ. ಬೆರಳುಗಳ ಮುಂದೆ ಒಂದು ಸೆಂಟಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ, ಹಿಂದೆ ತಾರೀಖು ಬರೆಯಿರಿ.

ನನಗೀಗ 53. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಣ್ಣ ಸ್ಟೇಷನರಿ ಅಂಗಡಿ ಇದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಗ್ರಾನೈಟ್ ನೆಲದ ಮೇಲೆ ನಿಂತೇ ಇರುತ್ತೇನೆ. ಭಾನುವಾರ ತೀರ್ಥಹಳ್ಳಿ ಕಡೆಯ ಊರಿಗೆ ಹೋದರೆ ಅಡಿಕೆ ತೋಟ. ಇಪ್ಪತ್ತೈದು ವರ್ಷ "ಎಂಟು ನಂಬರ್ ಕೊಡಿ" ಅಂತ ಕೇಳಿ ತಂದು ಹಾಕಿಕೊಂಡೆ. ಮನೆಗೂ ಅಂಗಡಿಗೂ ತೆಳ್ಳಗಿನ ಹವಾಯಿ, ಮದುವೆ ಮನೆಗೆ ಒಂದು ಶೂ. ಅಷ್ಟೇ.

48ರಲ್ಲಿ ಹಿಮ್ಮಡಿ ನೋವು ಶುರುವಾಯಿತು. ಹಾಸಿಗೆಯಿಂದ ಇಳಿದು ಇಡುವ ಮೊದಲ ನಾಲ್ಕು ಹೆಜ್ಜೆಗೆ ಜೀವ ಹೋಗುತ್ತಿತ್ತು. ನಡೆದಾಡಿದ ಮೇಲೆ ಕಡಿಮೆ. ಸಂಜೆ ಹೊತ್ತಿಗೆ ಮತ್ತೆ ಹಾಜರ್. ಡಾಕ್ಟರು ಹಿಮ್ಮಡಿಯ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದರು. ಕೂಗಿಕೊಂಡೆ. ಪ್ಲಾಂಟಾರ್ ಫೇಸೈಟಿಸ್ ಅಂದರು. ಹಿಮ್ಮಡಿಯಿಂದ ಬೆರಳುಗಳವರೆಗೆ ಪಾದದ ತಳದಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದು ಎಳೆದು ಎಳೆದು ದಣಿದಿದೆ ಅಂತ ಅರ್ಥ. ಮೀನಖಂಡ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಡೆಯಬೇಡಿ ಅಂದರು. ಆಮೇಲೆ ನನ್ನ ಹವಾಯಿಯನ್ನು ಕೈಗೆ ತೆಗೆದುಕೊಂಡು ಚಪಾತಿ ಹಾಗೆ ಮಡಚಿ ತೋರಿಸಿದರು. "ಇದರ ಮೇಲೆ ಹತ್ತು ಗಂಟೆ ನಿಲ್ಲುತ್ತೀರಾ?" ಎಂದು ಕೇಳಿದರು.

ಅವತ್ತು ರಾತ್ರಿ ಮೊದಲ ಸಲ ರಟ್ಟಿನ ಮೇಲೆ ಕಾಲಿಟ್ಟೆ. ಎಡಗಾಲು ಬಲಗಾಲಿಗಿಂತ ನಾಲ್ಕು ಮಿಲಿಮೀಟರ್ ಉದ್ದ. ಎಂಟು ನಂಬರಿನ ಶೂ ಒಳಗೆ ರಟ್ಟು ತೂರಿಸಿದರೆ ಎರಡೂ ಅಂಚು ದೋಣಿಯ ಹಾಗೆ ಮೇಲೆದ್ದಿತು. ಅಂದರೆ ಕಿರುಬೆರಳ ಬುಡ ಇಷ್ಟು ವರ್ಷ ಹಿಂಡಿಸಿಕೊಂಡೇ ಇತ್ತು. ಅಲ್ಲಿದ್ದ ಆಣಿಗೆ ಏನೇನೋ ಪಟ್ಟಿ ಅಂಟಿಸಿದ್ದೆ. ಕಾರಣ ಶೂ ಅಂತ ಹೊಳೆದಿರಲಿಲ್ಲ.

ವಯಸ್ಸಾದ ಹಾಗೆ ಪಾದದ ಮೂಳೆಗಳನ್ನು ಕಟ್ಟಿ ಹಿಡಿದ ನಾರುಗಳು ಸಡಿಲವಾಗುತ್ತವೆ. ಮೈತೂಕ ಏರಿದರೆ ಪಾದದ ಕಮಾನು ಇನ್ನಷ್ಟು ಕೆಳಗಿಳಿಯುತ್ತದೆ. ಕಾಲು ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಹಿಮ್ಮಡಿಯ ಅಡಿಯ ಕೊಬ್ಬಿನ ಮೆತ್ತೆ ಮಾತ್ರ ಸವೆಯುತ್ತಾ ಬರುತ್ತದೆ. ಹಾಗಾಗಿ ಮದುವೆಯಾದಾಗಿನ ನಂಬರ್ ಈಗ ಕೆಲಸಕ್ಕೆ ಬರುವುದಿಲ್ಲ. ನಮ್ಮಲ್ಲಿ ನಡೆಯುವ ಬ್ರಿಟಿಷ್ ನಂಬರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಅಂತರ ಒಂದು ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್. ಅದು ಉದ್ದದ ಲೆಕ್ಕ. ಅಗಲದ ಬಗ್ಗೆ ಆ ನಂಬರ್ ಏನೂ ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಕಾಲು ಅಳೆದು, ನಮ್ಮವರ ಪಾದ ಯುರೋಪಿನವರಿಗಿಂತ ಅಗಲ ಎಂದು ಕಂಡುಕೊಂಡರು. ನಮ್ಮದೇ ಅಳತೆಗೆ "ಭಾ" ಎಂಬ ಹೆಸರನ್ನೂ ಸೂಚಿಸಿದ್ದಾರೆ. ಆ ಅಳತೆ ಎಲ್ಲ ಅಂಗಡಿಗೂ ಬರುವವರೆಗೆ ನಮ್ಮ ರಟ್ಟೇ ನಮಗೆ ಅಳತೆಗೋಲು.

ಅಂಗಡಿಗೆ ಸಂಜೆಯೇ ಹೋಗಿ. ದಿನವಿಡೀ ನಿಂತ ಕಾಲು ಬೆಳಗಿನ ಕಾಲಿಗಿಂತ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿ ಅನಿಸಿದ ಶೂ ಸಂಜೆ ಕಚ್ಚುತ್ತದೆ. ಶೂ ಆದರೆ ಒಳಗೆ ರಟ್ಟು ತೂರಿಸಿ ನೋಡಿ. ಅಂಚು ಮಡಚಿದರೆ ಆ ಜೋಡಿ ಬೇಡ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಸಾರ್" ಅನ್ನುತ್ತಾರೆ. ತೊಗಲು ಸ್ವಲ್ಪ ಹಿಗ್ಗೀತು, ರೆಕ್ಸಿನ್ ಹಿಗ್ಗುವುದಿಲ್ಲ. ಅಟ್ಟೆಯಂತೂ ಅಗಲವಾಗುವುದೇ ಇಲ್ಲ. ಸ್ಯಾಂಡಲ್ ಆದರೆ ರಟ್ಟನ್ನು ಅಟ್ಟೆಯ ಮೇಲಿಡಿ. ಯಾವ ಕಡೆಯೂ ರಟ್ಟು ಹೊರಗೆ ಚಾಚಬಾರದು. ಎರಡು ಕಾಲಲ್ಲಿ ದೊಡ್ಡದು ಯಾವುದೋ ಅದಕ್ಕೆ ತಕ್ಕ ಜೋಡಿ ತೆಗೆದುಕೊಳ್ಳಿ. ಚಿಕ್ಕ ಕಾಲಿಗೆ ಒಂದು ತೆಳು ಇನ್‌ಸೋಲ್ ಹಾಕಿದರಾಯಿತು.

ಆಮೇಲೆ ಕೈಯಲ್ಲಿ ಪರೀಕ್ಷೆ. ಮುಂದಿನ ತುದಿ, ಹಿಂದಿನ ತುದಿ ಹಿಡಿದು ಮಡಚಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಮಡಚಬೇಕು, ನಮ್ಮ ಕಾಲು ಮಡಚುವುದೂ ಅಲ್ಲೇ ಅಲ್ವಾ. ನಡುವಿನಲ್ಲಿ ಮಡಚಿದರೆ ಕಮಾನಿಗೆ ಆಸರೆ ಇಲ್ಲ ಎಂದರ್ಥ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸುಲಭವಾಗಿ ತಿರುಚಿಕೊಂಡರೆ ಬಿಟ್ಟುಬಿಡಿ. ಶೂ ಆದರೆ ಹಿಮ್ಮಡಿಯ ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ಅದು ಒಳಗೆ ಕುಸಿಯಬಾರದು.

ಮೆತ್ತಗಿದ್ದರೆ ಒಳ್ಳೆಯದು ಅಂತ ನಾನೂ ತಿಳಿದಿದ್ದೆ. ಅಂಗಡಿಯಲ್ಲಿ ಹಾಕಿದ ಕೂಡಲೇ ಹತ್ತಿಯ ಮೇಲೆ ನಿಂತ ಹಾಗಿದ್ದ ಒಂದು ಜೋಡಿ ತಂದೆ. ಆರು ವಾರಕ್ಕೆ ಹಿಮ್ಮಡಿ ಜಾಗ ಬಟ್ಟಲಿನ ಹಾಗೆ ತಗ್ಗಾಯಿತು. ನೋವು ವಾಪಸ್ ಬಂತು. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಸ್ವಲ್ಪ ತಗ್ಗಿ, ಬಿಟ್ಟ ಕೂಡಲೇ ಎದ್ದು ಬರುವ ಅಟ್ಟೆ ಬೇಕು. ಮೇಲೆ ತೆಳು ಮೆತ್ತೆ, ಕೆಳಗೆ ಗಟ್ಟಿ. ಹಿಮ್ಮಡಿ ಕಡೆ ಮುಂಭಾಗಕ್ಕಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇದ್ದರೆ ನನ್ನಂಥ ನೋವಿನವರಿಗೆ ಆರಾಮ.

ಹಾಕಿಕೊಂಡು ಕಾರ್ಪೆಟ್ ಮೇಲೆ ಎರಡು ಹೆಜ್ಜೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ. ಟೈಲ್ಸ್ ಮೇಲೆ ಹತ್ತು ನಿಮಿಷ ನಡೆಯಿರಿ. ಮೆಟ್ಟಿಲು ಇಳಿಯಿರಿ. ಬೆರಳು ಮುಂದೆ ತಾಗುತ್ತದೋ ಇಲ್ಲವೋ ಗೊತ್ತಾಗುವುದು ಇಳಿಯುವಾಗಲೇ. ಶಿವಮೊಗ್ಗದ ಗಾಂಧಿ ಬಜಾರಿನ ಗದ್ದಲದಲ್ಲಿ ಅಂಗಡಿಯವರಿಗೆ ಅವಸರ ಇರಬಹುದು. ನಿಮಗೆ ಅವಸರ ಬೇಡ.

ದಿನವಿಡೀ ನಿಲ್ಲುವವರಿಗೆ ನನ್ನ ಮತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲಿಗೆ. ಹವಾಯಿಯಲ್ಲಿ ಪ್ರತಿ ಹೆಜ್ಜೆಗೂ ಬೆರಳುಗಳು ಚಪ್ಪಲಿಯನ್ನು ಕಚ್ಚಿ ಹಿಡಿಯಬೇಕು. ಇಲ್ಲದಿದ್ದರೆ ಕಳಚುತ್ತದೆ. ಆ ಹಿಡಿತವೇ ದಿನದ ಕೊನೆಗೆ ಪಾದವನ್ನು ಸುಸ್ತು ಮಾಡುತ್ತದೆ. ಹಿಂದಿನ ಪಟ್ಟಿ ಇದ್ದರೆ ಬೆರಳಿಗೆ ಬಿಡುವು. ಪಟ್ಟಿ ವೆಲ್ಕ್ರೋ ಇರಲಿ. ನಮ್ಮಲ್ಲಿ ದೇವಸ್ಥಾನ, ನೆಂಟರ ಜಗಲಿ ಅಂತ ದಿನಕ್ಕೆ ಹತ್ತು ಸಲ ಕಳಚಬೇಕು. ಬಕಲ್ ಇದ್ದರೆ ಬೇಸತ್ತು ಹಿಂದಿನ ಪಟ್ಟಿಯನ್ನು ತುಳಿದುಕೊಂಡೇ ಓಡಾಡುತ್ತೇವೆ. ಜೊತೆಗೆ ಮೇಲುಗಡೆ ಎರಡು ಕಡೆ ಸಡಿಲ ಬಿಗಿ ಮಾಡಲು ಬರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಸಂಜೆ ಊದಿದಾಗ ಸಡಿಲಿಸಬಹುದು. ಮನೆಯ ಒಳಗೂ ನಾನು ಈಗ ಒಂದು ಬೇರೆ ಜೋಡಿ ಹಾಕುತ್ತೇನೆ. ಅಮ್ಮನಿಗೆ ಮೊದಮೊದಲು ಇಷ್ಟವಾಗಲಿಲ್ಲ. ಅಡುಗೆ ಮನೆಗೆ, ದೇವರ ಕೋಣೆಗೆ ತರುವುದಿಲ್ಲ ಎಂದು ಒಪ್ಪಂದವಾಯಿತು. ನೋವು ಪೂರ್ತಿ ಹೋಗಲು ಎಂಟು ತಿಂಗಳು ಹಿಡಿಯಿತು. ವ್ಯಾಯಾಮ ಅರ್ಧ, ಈ ಎರಡು ಜೋಡಿ ಅರ್ಧ ಅಂತ ನನ್ನ ಲೆಕ್ಕ.

ಇನ್ನು ಮಳೆ. ಮಲೆನಾಡಿನಲ್ಲಿ ಒಂದೇ ಜೋಡಿಯಲ್ಲಿ ವರ್ಷ ಕಳೆಯಲು ಆಗುವುದಿಲ್ಲ. ಬಯಲುಸೀಮೆಯವರ ಸಲಹೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ನಾಲ್ಕು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ತಂಗಿಯ ಮಗನ ಮದುವೆ. ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದ ಶೂ ತೆಗೆದೆ. ಹಾಕಿದ್ದು ಒಟ್ಟು ಐದಾರು ಸಲ ಇರಬಹುದು. ಛತ್ರದ ಮೆಟ್ಟಿಲು ಹತ್ತುವಾಗ ಅಟ್ಟೆ ಬೆಲ್ಲದ ಪುಡಿಯ ಹಾಗೆ ಉದುರಿತು. ಮೋಸ ಹೋದೆ ಅಂದುಕೊಂಡೆ. ಆಮೇಲೆ ತಿಳಿಯಿತು. ಅದು ಪಿಯು, ಅಂದರೆ ಪಾಲಿಯುರೆಥೇನ್ ಅಟ್ಟೆ. ಗಾಳಿಯ ತೇವ ಅದರೊಳಗೆ ಹೋಗಿ ನಿಧಾನಕ್ಕೆ ಅದನ್ನು ಮುರಿಯುತ್ತದೆ. ಹಾಕದೆ ಇಟ್ಟರೂ ಮುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲ ಹಿಂದಿನ ಬೆಲ್ಟಿಗೂ ಬೂಷ್ಟು ಬರುವ ನಮ್ಮ ಊರಲ್ಲಿ ಇದು ಬೇಗ ಆಗುತ್ತದೆ.

ಹಾಗಾಗಿ ಅಟ್ಟೆ ಯಾವುದರದ್ದು ಎಂದು ಕೇಳಿ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ ಅನಿಸುವುದು ಇವಿಎ ಎಂಬ ಫೋಮ್. ರಬ್ಬರ್ ಭಾರ, ವಾಸನೆಯಿಂದಲೇ ಗೊತ್ತಾಗುತ್ತದೆ. ಪಿಯು ನಡುವಿನದು. ಡಬ್ಬಿಯ ಮೇಲೆ ಬೆಲೆಯ ಪಕ್ಕ ತಯಾರಾದ ತಿಂಗಳು, ವರ್ಷ ಇರುತ್ತದೆ. ಅದನ್ನು ಓದಿ. ಅರ್ಧ ಬೆಲೆಗೆ ಸಿಗುವ ಪಿಯು ಶೂ ಎರಡು ಮೂರು ವರ್ಷ ಹಳೆಯದಾಗಿದ್ದರೆ ಮುಟ್ಟಬೇಡಿ. ಹೊಸದನ್ನು ತಂದರೆ ಡಬ್ಬಿಯಲ್ಲಿ ಕೂಡಿಡಬೇಡಿ, ಗಾಳಿಯಾಡುವ ಕಡೆ ಇಟ್ಟು ಹಾಕಿಕೊಳ್ಳಿ.

ಪಾಚಿ ಹಿಡಿದ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಇವಿಎ ಬೆಣ್ಣೆಯ ಹಾಗೆ ಜಾರುತ್ತದೆ. ಮೆದು ರಬ್ಬರಿನ, ಆಳವಾದ ಗೀರುಗಳಿರುವ ಅಟ್ಟೆ ಎಷ್ಟೋ ವಾಸಿ. ಆದರೆ ದಪ್ಪ ಪಾಚಿಯ ಮೇಲೆ ಯಾವ ಅಟ್ಟೆಯನ್ನೂ ನಂಬಬೇಡಿ. ನಮ್ಮ ಹಿರಿಯರು ಅಂಗಳಕ್ಕೆ ಅಡಿಕೆ ದಬ್ಬೆ, ಸೋಗೆ ಹಾಸುತ್ತಿದ್ದರು. ಊರಿನ ಮನೆಯಲ್ಲಿ ಈಗಲೂ ಹಾಸುತ್ತೇವೆ. ಐವತ್ತು ದಾಟಿದ ಮೇಲೆ ಬಿದ್ದರೆ ಸೊಂಟ, ಮಣಿಕಟ್ಟು ಸುಮ್ನೆ ಬಿಡುವುದಿಲ್ಲ.

ಮಳೆಗಾಲದಲ್ಲಿ ತೋಟಕ್ಕೆ ಇಳಿಯುವಾಗ ಗಂಬೂಟೇ ಸರಿ. ಇಂಬಳ, ಅಂದರೆ ಜಿಗಣೆ, ಒಂದು ಕಾರಣ. ಇಲಿ ಜ್ವರ ಅದಕ್ಕಿಂತ ದೊಡ್ಡ ಕಾರಣ. ನಿಂತ ನೀರಿನಲ್ಲಿರುವ ರೋಗಾಣು ಒಡೆದ ಹಿಮ್ಮಡಿಯ ಸೀಳಿನಿಂದಲೂ ಒಳಗೆ ಹೋಗುತ್ತದೆ. ಗಂಬೂಟು ಕೊಳ್ಳುವಾಗ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ. ಕಪ್ಪೆ ಇರಬಹುದು, ಚೇಳೂ ಇರಬಹುದು. ಬೇಸಿಗೆಯಲ್ಲಿ ದರಗು, ಅಂದರೆ ಉದುರಿದ ಒಣ ಎಲೆ, ತರಲು ಕಾಡಿಗೆ ಹೋಗುವವರು ಪೂರ್ತಿ ಮುಚ್ಚಿದ ಶೂ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ನೆಲದ ಎಲೆಯಿಂದಲೇ ಕಾಲಿಗೆ ಹತ್ತುತ್ತದೆ.

ಒದ್ದೆಯಾದ ಶೂವನ್ನು ಬಚ್ಚಲ ಒಲೆಯ ಪಕ್ಕ ಇಡುವ ಅಭ್ಯಾಸ ನಮ್ಮಲ್ಲಿದೆ. ಬಿಸಿಗೆ ಗೋಂದು ಬಿಡುತ್ತದೆ, ತೊಗಲು ಸೀಳುತ್ತದೆ. ಒಳಗಿನ ಇನ್‌ಸೋಲ್ ತೆಗೆದು, ಹಳೆಯ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಫ್ಯಾನ್ ಗಾಳಿ ಸಾಕು. ಗೋಂದಿನಲ್ಲಿ ಅಂಟಿಸಿದ ಅಟ್ಟೆಯಾದರೆ ಆರಿದ್ರಾ ಮಳೆ ಹಿಡಿಯುವ ಮೊದಲೇ ಚಪ್ಪಲಿ ಹೊಲಿಯುವವರ ಹತ್ತಿರ ಸುತ್ತ ಹೊಲಿಗೆ ಹಾಕಿಸಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆಯೇ ಮಾತು. ಅಂಗಡಿಗೆ ಬರುವ ಗೆಳೆಯರೊಬ್ಬರು ಚಪ್ಪಲಿಯೊಳಗಿನ ಸಣ್ಣ ಕಲ್ಲನ್ನು ದಿನವಿಡೀ ತುಳಿದಿದ್ದರು. ಅವರಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಹೆಂಡತಿ ರಕ್ತ ನೋಡಿದರು. ಆ ಗಾಯ ಮಾಯಲು ಮೂರು ತಿಂಗಳು. ಪಾದದ ಸ್ಪರ್ಶ ಕಡಿಮೆಯಾಗಿದೆಯೇ ಎಂದು ಡಾಕ್ಟರ ಹತ್ತಿರ ತೋರಿಸಿಕೊಳ್ಳಿ. ಕಡಿಮೆಯಾಗಿದ್ದರೆ ಉಂಗುಟದ ಚಪ್ಪಲಿ ಬೇಡ, ಬೆರಳ ಸಂದಿ ಉಜ್ಜಿ ಗಾಯವಾಗುತ್ತದೆ. ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್ ಚಪ್ಪಲಿ ಕೇಳಿ. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಆ ರಬ್ಬರನ್ನು ಚಪ್ಪಲಿಗೆ ಬಳಸತೊಡಗಿದ್ದು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಕಾಲು ಉಳಿಸಲು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಯವರು ಆ ಕೆಲಸ ಮಾಡಿದರು. ನೋಡಲು ಚೆಂದ ಇಲ್ಲ ಅಂತ ಹಿಂಜರಿಯಬೇಡಿ. ದಿನಾ ರಾತ್ರಿ ಪಾದದ ತಳವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಯಾವಾಗ ಬದಲಿಸಬೇಕು ಎಂದು ತಿಳಿಯಲು ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಕಡೆ ವಾಲಿದ್ದರೆ ಅದರ ಕೆಲಸ ಮುಗಿಯಿತು. ಮೇಲ್ಭಾಗ ಹೊಸದರ ಹಾಗೇ ಇರಬಹುದು, ಅದನ್ನು ನೋಡಿ ಮರುಳಾಗಬೇಡಿ. ನಾನು ಕೊಂಡ ತಿಂಗಳನ್ನು ಅಟ್ಟೆಯ ನಡುವೆ ಮಾರ್ಕರಿನಲ್ಲಿ ಬರೆದಿಡುತ್ತೇನೆ. ರಟ್ಟನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಕತ್ತರಿಸುತ್ತೇನೆ. ಈಗಿನ ಸ್ಯಾಂಡಲ್ ಹಾಕಿ ಹದಿಮೂರು ತಿಂಗಳಾಯಿತು. ಎಡಗಾಲಿನದು ಹೊರಮಗ್ಗುಲಿಗೆ ವಾಲಿದೆ. ಈ ಶನಿವಾರ ಅಂಗಡಿಯನ್ನು ಮಗಳಿಗೆ ವಹಿಸಿ, ಆರೂವರೆಗೆ ರಟ್ಟು ಜೇಬಿಗಿಟ್ಟುಕೊಂಡು ಹೋಗುತ್ತೇನೆ.