ಎಣ್ಣೆ ಮೊದಲು, ಬಿಸಿಲು ಆಮೇಲೆ

ಕೋರ್ಟಿಗೆ ಬಂದಿದ್ದ ಹಿರಿಯರೊಬ್ಬರ ಬಿಳಿ ನೆಹರು ಶರ್ಟಿನ ಮೇಲೆ ನನ್ನ ಕೈಯಿಂದಲೇ ಎಣ್ಣೆಗಾಯಿ ಬಿತ್ತು. ನಮ್ಮ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಯ ಗದ್ದಲ. ಎಡಗೈಯಲ್ಲಿ ರೊಟ್ಟಿ ಬುಟ್ಟಿ, ಬಲಗೈಯಲ್ಲಿ ಪಲ್ಯದ ಸೌಟು. ಹಿಂದಿನಿಂದ ಯಾರೋ "ಮಾಲಕ್ರ, ಶೇಂಗಾ ಹಿಂಡಿ" ಅಂತ ಕೂಗಿದರು, ತಿರುಗಿದೆ. ಸೌಟಿನ ತುದಿಯಿಂದ ಒಂದು ಬದನೆಕಾಯಿ ಜಾರಿ ಅವರ ಎದೆಯ ಕಿಸೆಯ ಕೆಳಗೆ ಹೋಗಿ ಕೂತಿತು. ಮೂರು ಗಂಟೆಗೆ ಅವರ ಕೇಸು ಕರೆಯುವುದಿತ್ತು. ಹಳ್ಳಿಯಿಂದ ಬಂದವರು, ಬದಲಿ ಅಂಗಿ ಇಲ್ಲ.

ಪಾಪ, ಅವರು ಬೈಯಲಿಲ್ಲ. ಲೋಟ ಎತ್ತಿ ಎದೆಗೆ ನೀರು ಸುರಿದು ತಿಕ್ಕಲಿಕ್ಕೆ ಹೊರಟರು. ನೀರು ಬೀಳುವ ಮುಂಚೆಯೇ ನಾನು ಕೈ ಹಿಡಿದೆ.

"ತಿಕ್ಕಬ್ಯಾಡ್ರಿ ಕಾಕಾ. ತಿಕ್ಕಿದ್ರ ಒಳಗ ಇಳೀತದ. ಅಂಗಿ ಬಿಚ್ಚಿ ಕೊಡ್ರಿ, ಊಟ ಮುಗಿಯೋದ್ರಾಗ ಕೊಡ್ತೀನಿ."

ಬನಿಯನ್ ಮೇಲೆಯೇ ಕೂತು ಅವರು ಊಟ ಮುಂದುವರಿಸಿದರು. ನಾನು ಚಮಚದ ಅಂಚಿನಿಂದ ಮಸಾಲೆಯನ್ನು ಹೊರಗಿನಿಂದ ಒಳಕ್ಕೆ ಕೆರೆದು ಎತ್ತಿದೆ. ಒಳಗಿನಿಂದ ಹೊರಕ್ಕೆ ಎಳೆದರೆ ರೂಪಾಯಿಯಷ್ಟಿದ್ದ ಕಲೆ ಅಂಗೈಯಷ್ಟಾಗುತ್ತದೆ. ಆಮೇಲೆ ಕಲೆಯ ಕೆಳಗೂ ಮೇಲೂ ಒಂದೊಂದು ಹಿಡಿ ಜೋಳದ ಹಿಟ್ಟು ಹಾಕಿ ತಟ್ಟೆ ಮುಚ್ಚಿಟ್ಟೆ. ಖಾನಾವಳಿಯಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಎಲ್ಲಿಂದ ತರಲಿ, ಹಿಟ್ಟಂತೂ ಯಾವಾಗಲೂ ಕೈಗೆ ಸಿಗುತ್ತದೆ. ಹತ್ತು ನಿಮಿಷ ಬಿಟ್ಟು ಕೊಡವಿದರೆ ಹಿಟ್ಟು ಕೇಸರಿ ಬಣ್ಣಕ್ಕೆ ತಿರುಗಿ ಪುಟ್ಟ ಪುಟ್ಟ ಉಂಡೆ ಕಟ್ಟಿತ್ತು. ಮತ್ತೊಮ್ಮೆ ಒಣ ಹಿಟ್ಟು. ಎರಡನೇ ಸಲ ಉಂಡೆ ಕಮ್ಮಿ ಬಂತು. ಹಿಟ್ಟಿಗೆ ಎಣ್ಣೆ ಹತ್ತುವುದು ನಿಂತಿತೆಂದರೆ ಮಾತ್ರ ನೀರಿನ ಕಡೆ ಹೋಗಬೇಕು. ಅದಕ್ಕೂ ಮುಂಚೆ ಒಂದು ಹನಿ ನೀರು ಬಿದ್ದರೂ ಅಂಗಿಯ ಮೇಲೆ ಅಂಬಲಿಯಾಗುತ್ತದೆ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಅದನ್ನು ಕಲೆಯ ಮೇಲಲ್ಲ, ಅಂಗಿ ತಿರುವಿ ಕಲೆಯ ಬೆನ್ನಿಗೆ ಹಚ್ಚಿ, ಬೆರಳಿನಿಂದ ಒತ್ತಿ ಒತ್ತಿ, ಉಗುರು ಬೆಚ್ಚಗಿನ ನೀರು ಹಿಂದಿನಿಂದ ಸುರಿದೆ. ಕೊಳೆ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು, ಅಂಗಿ ದಾಟಿ ಆಚೆ ಹೋಗಬಾರದು. ಫ್ಯಾನಿನ ಕೆಳಗೆ ಒಣಗಿಸಿ ಕೊಟ್ಟಾಗ ಎಣ್ಣೆ ಹೋಗಿತ್ತು, ಮೆಣಸಿನಪುಡಿಯ ಕೆಂಪೂ ಬಹುಪಾಲು ಹೋಗಿತ್ತು. ಎಂಟಾಣೆಯಷ್ಟು ತಿಳಿ ಹಳದಿ ಉಳಿದಿತ್ತು. ಕಾಕಾ ಹೆಗಲ ಮೇಲಿನ ಟವೆಲನ್ನು ಅದರ ಮೇಲೆ ಎಳೆದುಕೊಂಡು ಕೋರ್ಟಿಗೆ ನಡೆದರು. ಬಾಗಿಲಿನ ತನಕ ಹೋಗಿ ಹೇಳಿದೆ: "ಮನಿಗಿ ಹೋಗಿ ಸಾಬೂನು ಹಚ್ಚಬ್ಯಾಡ್ರಿ. ಹಸೀ ಮಾಡಿ ಬಿಸಿಲಿಗಿ ಹಾಕ್ರಿ, ಸಾಕು."

ಕಲಬುರಗಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಸಣ್ಣದೊಂದು ಖಾನಾವಳಿ ನಡೆಸುತ್ತೇವೆ. ರೊಟ್ಟಿ ಬಡಿಯುವುದು, ಪಲ್ಯ ಅವಳದು. ಬಡಿಸುವುದು, ಲೆಕ್ಕ, ಅರಿಬಿ ಒಗೆಯುವುದು ನನ್ನ ಪಾಲು. ರೊಟ್ಟಿ ಸುತ್ತಿಡುವ ಬಟ್ಟೆ, ಕೈ ಒರೆಸುವ ಟವೆಲ್, ನನ್ನ ಬಿಳಿ ಅಂಗಿ, ಮಗಳ ಶಾಲೆಯ ಯೂನಿಫಾರ್ಮ್, ಇವೆಲ್ಲ ದಿನಾ ಸಂಜೆ ಹಿತ್ತಲಿನ ಶಹಾಬಾದ್ ಪರಸಿಯ ಮೇಲೆ ನನ್ನ ಎದುರು ಬಂದು ಕೂರುತ್ತವೆ. ಇಷ್ಟು ವರ್ಷದಲ್ಲಿ ಕಲಿತದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು.

ಮೊದಲು ಕೆಟ್ಟದ್ದು ನನ್ನ ಮದುವೆಯ ಅಂಗಿ. ಒಂದು ಎಳ್ಳ ಅಮಾಸಿಗೆ ಅದನ್ನೇ ಹಾಕಿಕೊಂಡು ಹೊಲಕ್ಕೆ ಹೋಗಿದ್ದೆ. ಬೆಳೆಗೆ ಚರಗದ ಎಡೆ ಚೆಲ್ಲಿ ಬಂದು ಬನ್ನಿ ಗಿಡದ ಕೆಳಗೆ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು ಅಂತ ಕೂತರೆ ಒಂದಲ್ಲ ಒಂದು ಮೈಮೇಲೆ ಚೆಲ್ಲಲೇಬೇಕು. ಅವತ್ತು ಭಜ್ಜಿ ಚೆಲ್ಲಿತು. ಮನೆಗೆ ಬಂದು ಒಗೆಯುವ ಸಾಬೂನು ಹಿಡಿದು ಕಲೆಯ ಮೇಲೆ ಗಸಗಸ ತಿಕ್ಕಿದೆ. ಹಳದಿ ಇದ್ದದ್ದು ಕಣ್ಣೆದುರೇ ಕೆಂಪಾಯಿತು. ಕೈ ಕೊಯ್ದಿತೇನೋ ಅಂತ ಬೆರಳು ನೋಡಿಕೊಂಡೆ.

ಅವ್ವ ನಕ್ಕಳು. "ಆರತಿ ನೀರು ಹ್ಯಾಂಗ ಮಾಡ್ತಾರ, ನೋಡಿಲ್ಲೇನೋ? ಅರಿಶಿಣಕ್ಕ ಸುಣ್ಣ ಹಾಕಿದ್ರ ಕೆಂಪಾಗಲ್ಲೇನು? ಸಾಬೂನಿನಾಗೂ ಅದೇ ಗುಣ ಅದ."

ಅಷ್ಟರಲ್ಲಿ ಎಲ್ಲ ಬಂತು. ಅರಿಶಿಣದ ಬಣ್ಣಕ್ಕೆ ಕರ್ಕ್ಯುಮಿನ್ ಅಂತ ಹೆಸರು. ಸುಣ್ಣ, ಸಾಬೂನು, ಸೋಡಾ, ಹೀಗೆ ಕ್ಷಾರ ಇರುವುದೇನು ತಾಗಿದರೂ ಅದು ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ತಿರುಗಿ ಹಳದಿ. ಎರಡರಲ್ಲೂ ಬಣ್ಣ ವೇಷ ಬದಲಿಸುತ್ತದೆಯೇ ಹೊರತು ಬಟ್ಟೆ ಬಿಟ್ಟು ಹೋಗುವುದಿಲ್ಲ. ನಿಂಬೆ ಹಚ್ಚಿದೆ, ಕಲೆ ಹೋಯಿತು ಅನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೆಂಪು ಹೋಗಿರುತ್ತದೆ. ಉಳಿದ ಕೆಲಸ ಆಮೇಲೆ ಒಣಹಾಕಿದ ಬಿಸಿಲು ಮಾಡಿರುತ್ತದೆ.

ಬಿಸಿಲಿಗೆ ಅರಿಶಿಣ ನಿಲ್ಲುವುದಿಲ್ಲ. ನಮ್ಮೂರಿನಲ್ಲಿ ಬಿಸಿಲಿಗೇನು ಬರ, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಇಲ್ಲಿ ಕೆಲಸ ಮಾಡುವುದು ಕಾವಲ್ಲ, ಬೆಳಕು. ಅಮಾಸಿಯ ಆ ಚಳಿಯಲ್ಲೂ ನನ್ನ ಅಂಗಿಯ ಹಳದಿ ಎರಡು ದಿನಕ್ಕೆ ಮಾಯವಾಯಿತು. ಬೇಸಿಗೆಯಲ್ಲಾದರೆ ಬೆಳಿಗ್ಗೆ ಹತ್ತಕ್ಕೆ ಹಾಕಿ ಊಟದ ಗದ್ದಲ ಮುಗಿಸಿ ಮಾಳಿಗೆ ಹತ್ತಿ ನೋಡುವಷ್ಟರಲ್ಲಿ ಬಿಳಿ. ಒಣಗಿದರೆ ಮತ್ತೆ ನೀರು ಚಿಮುಕಿಸುತ್ತೇನೆ, ಹಸಿ ಇದ್ದಾಗ ಬೇಗ ಬಿಡುತ್ತದೆ. ಬಣ್ಣದ ಬಟ್ಟೆಗೆ ಹೀಗೆ ಮಾಡಿದರೆ ಬಟ್ಟೆಯ ಬಣ್ಣವೂ ಹೋಗುತ್ತದೆ. ಮಗಳ ನೀಲಿ ಸ್ಕರ್ಟಿಗೆ ಒಂದು ಉಪಾಯ ಮಾಡಿದ್ದೆ: ಹಳೆಯ ದಪ್ಪ ಟವೆಲ್ಲಿಗೆ ಕಲೆಯಷ್ಟೇ ಕಿಂಡಿ ಕತ್ತರಿಸಿ, ಅದನ್ನು ಸ್ಕರ್ಟಿನ ಮೇಲೆ ಹಾಸಿ, ಕಲೆಗೆ ಮಾತ್ರ ಬಿಸಿಲು ಬೀಳುವಂತೆ ಮಾಡಿ, ಅರ್ಧರ್ಧ ಗಂಟೆಗೆ ಹೋಗಿ ನೋಡುವುದು. ಮೇಲೆ ಕೆಳಗೆ ಹತ್ತಿ ಇಳಿದು ಮೊಣಕಾಲು ನೋವಾಯಿತು, ಸ್ಕರ್ಟ್ ಉಳಿಯಿತು.

ಹಾಗಾದರೆ ಎಲ್ಲವನ್ನೂ ಬಿಸಿಲಿಗೆ ಹಾಕಿದರಾಯಿತಲ್ಲ ಅಂದುಕೊಂಡೆ. ಅಲ್ಲಿ ಇನ್ನೊಂದು ಪೆಟ್ಟು ತಿಂದೆ.

ನಮ್ಮ ಕಡೆ ಹಳೆಯ ಮನೆಗಳಲ್ಲಿ ಈಗಲೂ ಗಾಣದ ಕುಸುಬಿ ಎಣ್ಣೆ ಬಿಡುವುದಿಲ್ಲ. ಅಪ್ಪನ ಧೋತರದ ಅಂಚಿಗೆ ಕುಸುಬಿ ಎಣ್ಣೆಯ ಒಗ್ಗರಣೆ ಸಿಡಿದಿತ್ತು. ಅರಿಶಿಣ ಕಂಡದ್ದೇ ತಡ, ಸೀದಾ ಮಾಳಿಗೆಗೆ ಹಾಕಿದೆ. ಹಳದಿ ಹೋಯಿತು. ಹೋದ ಜಾಗದಲ್ಲಿ ಒಂದು ಮಬ್ಬು ನೆರಳು ಉಳಿಯಿತು. ಒಗೆದೆ, ಇಸ್ತ್ರಿ ಮಾಡಿದೆ, ಟ್ರಂಕಿನಲ್ಲಿ ಇಟ್ಟೆ. ಆರು ತಿಂಗಳ ಮೇಲೆ ತೆಗೆದರೆ ಆ ನೆರಳು ಬೆಲ್ಲದ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಅಂಟು ಅಂಟು. ಕುಸುಬಿ ಎಣ್ಣೆಗೆ ಅಗಸಿ ಎಣ್ಣೆಯ ಹಾಗೆ ಗಾಳಿ ತಾಗಿದರೆ ಗಟ್ಟಿಯಾಗುವ ಗುಣ ಇದೆ. ಬಣ್ಣ, ವಾರ್ನಿಷ್ ಮಾಡಲಿಕ್ಕೂ ಅದನ್ನು ಬಳಸುವುದು ಇದೇ ಕಾರಣಕ್ಕೆ. ಬಿಸಿಲು, ಕಾವು ಎರಡೂ ಆ ಕೆಲಸವನ್ನು ಬೇಗ ಮುಗಿಸುತ್ತವೆ. ಅಂದರೆ ಅಪ್ಪನ ಧೋತರಕ್ಕೆ ನಾನೇ ಕೈಯಾರೆ ವಾರ್ನಿಷ್ ಹೊಡೆದು, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿಯಿಂದ ಮುದ್ರೆ ಒತ್ತಿದ್ದೆ. (ಇದೇ ಕುಸುಬಿಯ ಹೂವಿನಿಂದ ಒಂದು ಕಾಲಕ್ಕೆ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರಂತೆ.) ಆ ಧೋತರದ ಕಲೆ ಇವತ್ತಿಗೂ ಹೋಗಿಲ್ಲ. ಶೇಂಗಾ ಎಣ್ಣೆ ಇಷ್ಟು ಹಟಮಾರಿ ಅಲ್ಲ, ಮರುದಿನ ಹಿಡಿದರೂ ಮಾತು ಕೇಳುತ್ತದೆ.

ನಮ್ಮ ಊಟದ ಕಲೆಯಲ್ಲಿ ಎಣ್ಣೆ, ಅರಿಶಿಣ, ಖಾರ ಮೂರೂ ಕೂಡಿಯೇ ಬರುತ್ತವೆ. ಒಂದಕ್ಕೆ ಮದ್ದು ಆದದ್ದು ಇನ್ನೊಂದಕ್ಕೆ ವಿಷ. ಹಾಗಾಗಿ ನನ್ನ ಮನೆಯಲ್ಲಿ ಸರದಿ ತಪ್ಪಿಸುವ ಹಾಗಿಲ್ಲ: ಮೊದಲು ಎಣ್ಣೆ ಪೂರ್ತಿ ತೆಗೆಯುವುದು, ಆಮೇಲೆ ಬಿಸಿಲು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲೇ ಕರಗುವ ಬಣ್ಣ, ಅದಕ್ಕೆ ಬೇರೆ ಔಷಧ ಬೇಕಿಲ್ಲ, ಎಣ್ಣೆಯ ಬೆನ್ನು ಹತ್ತಿ ಹೋಗುತ್ತದೆ. ಎಣ್ಣೆ ಹೋಗಿದೆಯೋ ಇಲ್ಲವೋ ನೋಡಲು ಒಣಗಿದ ಬಟ್ಟೆಯನ್ನು ಕಿಟಕಿಗೆ ಎದುರು ಹಿಡಿಯುತ್ತೇನೆ. ಎಣ್ಣೆ ಇದ್ದಲ್ಲಿ ಬೆಳಕು ಆಚೆಯಿಂದ ಕಾಣುತ್ತದೆ, ಭಜಿ ಕಟ್ಟಿದ ಪೇಪರಿನ ಹಾಗೆ. ಕಂಡರೆ ಮತ್ತೆ ಲಿಕ್ವಿಡ್. ಕಾಣದಿದ್ದರೆ ಮಾಳಿಗೆ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಪೆಟ್ಟಿಗೆಯನ್ನು ಆ ಬಟ್ಟೆಯ ಹತ್ತಿರವೂ ತರುವುದಿಲ್ಲ.

ಸಾಬೂನಿನ ಬದಲು ಲಿಕ್ವಿಡ್ ಹಿಡಿದದ್ದಕ್ಕೆ ನೀರೂ ಒಂದು ಕಾರಣ. ನಮ್ಮ ಬೋರಿನದು ಸವಳು ನೀರು. ಸಾಬೂನು ಹಚ್ಚಿದರೆ ನೊರೆ ಬರುವ ಬದಲು ಮೊಸರು ಒಡೆದಂತೆ ಒಂದು ಬೂದು ಕೆನೆ ಕಟ್ಟುತ್ತದೆ, ಅದು ಕಲೆಯ ಮೇಲೆ ಕೂತು ಬಿಳಿ ಅಂಗಿಯನ್ನು ಬೂದು ಮಾಡುತ್ತದೆ. ನಲ್ಲಿ ನೀರು ಬಂದ ದಿನ ಎರಡು ಕೊಡ ಬೇರೆ ತೆಗೆದಿಡುತ್ತೇನೆ, ಕಲೆಯ ಬಟ್ಟೆಗೆ ಅಂತಲೇ. ಮನೆಯಲ್ಲಿ ಇದಕ್ಕೆ ನಗುತ್ತಾರೆ.

ಹಾಲು, ಮೊಸರು, ಮೊಟ್ಟೆ ಬಿದ್ದರೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ಮೊಟ್ಟೆ ಬಾಣಲೆಯಲ್ಲಿ ಹೇಗೆ ಬೇಯುತ್ತದೋ ಬಟ್ಟೆಯಲ್ಲೂ ಹಾಗೇ ಬೆಂದು ಕಚ್ಚಿಕೊಳ್ಳುತ್ತದೆ. ಚಹಾ ತಾಜಾ ಇದ್ದರೆ ಹರಿಯುವ ನೀರಿನಲ್ಲೇ ಮುಕ್ಕಾಲು ಹೋಗುತ್ತದೆ. ಹಳೆಯದಾದರೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಮೇಲೆ 6 ಪರ್ಸೆಂಟ್ ಅಂತ ಇದ್ದರೆ ಅಷ್ಟೇ ನೀರು ಬೆರೆಸಿ, ಬಿಳಿ ಹತ್ತಿ ಬಟ್ಟೆಗೆ ಮಾತ್ರ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯುತ್ತೇನೆ. ಊಟದ ಮೇಲೆ ಎಲೆ ಹಾಕುವವರ ಅಂಗಿಯ ಕಾಚಿನ ಕಲೆಗೂ ಇದನ್ನೇ ಹಚ್ಚಿ ನೋಡಿದ್ದೇನೆ. ತೆಳುವಾಗುತ್ತದೆ, ಹೋಗುವುದಿಲ್ಲ.

ಬ್ಲೀಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಅದನ್ನು ರೊಟ್ಟಿ ಬಟ್ಟೆಗೂ ಹಾಕುವುದಿಲ್ಲ. ಒಮ್ಮೆ ಬಕೀಟಿನಲ್ಲಿ ಬ್ಲೀಚ್ ನೀರು ಇದ್ದದ್ದು ಮರೆತು, ಕಲೆ ಬೇಗ ಹೋಗಲಿ ಅಂತ ಅದರಲ್ಲೇ ನಿಂಬೆ ಹಿಂಡಿದೆ. ಎದ್ದ ಗಾಟಿಗೆ ಕಣ್ಣಲ್ಲಿ ನೀರು, ಎದೆಯಲ್ಲಿ ಕೆಮ್ಮು, ಹಿತ್ತಲಿನ ಬಾಗಿಲು ತೆಗೆದು ಓಡಿದೆ. ಬ್ಲೀಚಿಗೆ ಹುಳಿ ಕೂಡಿದರೆ ಕ್ಲೋರಿನ್ ಗಾಳಿ ಏಳುತ್ತದೆ. ನಿಂಬೆ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್, ಯಾವುದೂ ಅದರ ಹತ್ತಿರ ಬರಬಾರದು. ರೇಷ್ಮೆಗಂತೂ ಬ್ಲೀಚ್ ತಾಗಿದರೆ ಎಳೆಯೇ ಉಳಿಯುವುದಿಲ್ಲ.

ರೇಷ್ಮೆ ಅಂದಾಗ ನೆನಪಾಯಿತು, ಹೆಂಡತಿಯ ಇಳಕಲ್ ಸೀರೆ. ಸೆರಗಿಗೆ ಹೋಳಿಗೆಯ ತುಪ್ಪ. ಅದಕ್ಕೆ ನೀರನ್ನೇ ಮುಟ್ಟಿಸಲಿಲ್ಲ. ಪೌಡರ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೆತ್ತನೆ ಬ್ರಷ್ಷಿನಿಂದ ಕೊಡವಿ, ಮತ್ತೆ ಪೌಡರ್. ಮೂರು ರಾತ್ರಿ. ಆಮೇಲೆ ಅಂಟವಾಳದ ಕಾಯಿ ನೆನೆಸಿದ ನೀರನ್ನು ಒಳಮಡಿಕೆಯಲ್ಲಿ ಒಂದು ಹನಿ ಹಚ್ಚಿ, ಬಿಳಿ ಬಟ್ಟೆ ಒತ್ತಿ, ದಡಿಯ ಕೆಂಪು ಬಿಡುತ್ತದೆಯೇ ನೋಡಿದೆ. ಬಿಟ್ಟಿತು. ಅಲ್ಲಿಗೇ ಕೈ ಮುಗಿದು ಡ್ರೈಕ್ಲೀನಿಂಗಿಗೆ ಕೊಟ್ಟೆ.

ಎಣ್ಣೆಗಾಯಿಯ ಕಾಕಾ ಮುಂದಿನ ತಾರೀಖಿಗೆ ಬಂದರು, ಅದೇ ನೆಹರು ಶರ್ಟು. ಎದೆಯ ಮೇಲೆ ಏನೂ ಇರಲಿಲ್ಲ. ಕೂತವರೇ ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತೆಗೆದು ನನ್ನ ಮುಂದೆ ಸರಿಸಿದರು. ಮೊಮ್ಮಗನ ಅಂಗಿ. ಭುಜದಿಂದ ಕಿಸೆಯ ತನಕ ಮಾವಿನಕಾಯಿಯ ಸೊನೆ ಇಳಿದು ಕಂದುಗಟ್ಟಿತ್ತು.

"ಮಾಲಕ್ರ, ಇದು ಹೋಗ್ತದೇನು?"

"ಇಲ್ಲರೀ ಕಾಕಾ, ಇದು ನನ್ನ ಕೈಲೂ ಆಗಿಲ್ಲ."

ಅವರು ಗಂಟು ವಾಪಸು ಚೀಲಕ್ಕೆ ಹಾಕಿದರು. "ಹಂಗಾದ್ರ ಊಟ ತರ್ರಿ. ಎಣ್ಣೆಗಾಯಿ ಮಾತ್ರ ನೀವು ಬಡಸಬ್ಯಾಡ್ರಿ, ನಿಮ್ಮ ಮನಿಯವರ್ನ ಕರೀರಿ" ಅಂತ ತಮ್ಮ ಮಾತಿಗೆ ತಾವೇ ನಕ್ಕು, ಟವೆಲನ್ನು ಎದೆಗೆ ಅಡ್ಡ ಕಟ್ಟಿಕೊಂಡು ಕೂತರು.