ಹುಬ್ಬಳ್ಳಿಯಿಂದ ಗುಲ್ಮಾರ್ಗ್‌ಗೆ: ಮನೆಮಂದಿಯೆಲ್ಲ ಸ್ಕೀ ಕಲಿಯೋದು ಹೇಗೆ

ಹುಬ್ಬಳ್ಳಿಯಿಂದ ದಿಲ್ಲಿಗೆ ಹೋಗಿ, ಅಲ್ಲಿ ವಿಮಾನ ಬದಲಿಸಿ ಶ್ರೀನಗರ ಸೇರಿ. ಹಿಮದ ಮೇಲೆ ಜಾರೋ ಸ್ಕೀ ಆಟಕ್ಕೆ ಹೆಸರಾದ ಗುಲ್ಮಾರ್ಗ್ ಅಲ್ಲಿಂದ ಸುಮಾರು 50 ಕಿ.ಮೀ. ಹಿಮ ಜಾಸ್ತಿ ಇದ್ದರೆ ದಾರಿಯಲ್ಲಿ ಸಿಗೋ ತಂಗ್‌ಮಾರ್ಗ್‌ನಲ್ಲಿ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹಿಡಿಯಬೇಕು. ನಮ್ಮ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯೋದಿಲ್ಲ, ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಹೋಗೋಕೆ ಜನವರಿ, ಫೆಬ್ರವರಿ ಒಳ್ಳೆಯದು.

ಹುಬ್ಬಳ್ಳಿಯ ದುರ್ಗದಬೈಲು ಮಾರ್ಕೆಟ್‌ನಲ್ಲಿ ಸುಮ್ನೆ ಸ್ವೆಟರ್ ರಾಶಿ ಕೊಳ್ಳಬೇಡಿ. ಜಾಕೆಟ್, ಸ್ಕೀ, ಬೂಟು ಎಲ್ಲಾ ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಆರಿಸುವಾಗ ಮಾತ್ರ ಅವಸರ ಬೇಡ, ಅಂಗಡಿಯವ ಎಷ್ಟೇ ಗಡಿಬಿಡಿ ಮಾಡಲಿ. ಒಂದೇ ಜೊತೆ ತೆಳು ಕಾಲುಚೀಲ ಹಾಕಿ. ಬಕಲ್ ಬಿಗಿದು, ಮೊಣಕಾಲು ಮುಂದಕ್ಕೆ ಬಗ್ಗಿಸಿ. ಒಳಗೆ ಹಿಮ್ಮಡಿ ಮೇಲೆದ್ದರೆ ಬೂಟು ದೊಡ್ಡದು, ವಾಪಸ್ ಕೊಡಿ.

ಮಕ್ಕಳು ಮೊದಲು ಕಲಿಯಬೇಕಾದ್ದು ಜಾರುವಾಗ ವೇಗ ಇಳಿಸಿ ನಿಲ್ಲೋದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನದು ದೂರ. ಹಿಮ್ಮಡಿ ಹೊರಗೆ ತಳ್ಳಿದರೆ ವೇಗ ಇಳಿಯುತ್ತದೆ. ಬಿದ್ದರೆ ಪಕ್ಕಕ್ಕೆ ಬೀಳಲಿ. ಹೆಲ್ಮೆಟ್ ಕೇಳಿ ಪಡೆಯಿರಿ.

ನಮ್ಮ ಅತ್ತೆಯಂಥವರಿಗೆ ಗೊಂಡೋಲಾದ (ಬೆಟ್ಟ ಹತ್ತಿಸೋ ಕೇಬಲ್ ಕಾರ್) ಮೊದಲ ಹಂತ ಸಾಕು. ಎರಡನೆಯದು ಸುಮಾರು 3,950 ಮೀಟರ್ ಎತ್ತರ. ಉಬ್ಬಸ ಇದ್ದವರಿಗೆ ಯಾಕೆ ಬೇಕು, ಅಲ್ವಾ? ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ.

ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರಲಿ. ಎಣ್ಣೆ ಬೇಡ, ಆ ಚಳಿಗೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ.