ಚಾಕ್ಲೇಟಿಗೆ ಖಣ ಸುತ್ತಿದ ನನ್ನ ಅನುಭವ

"ಚಾಕ್ಲೇಟಿಗೆ ಕುಪ್ಪಸ ಹೊಲಸ್ತೀಯೇನು?" ಎಂದು ನಮ್ಮ ಮನೆಯವರು ನಕ್ಕು ಮೂರು ವರ್ಷವಾಯಿತು. ಹೋದ ದೀಪಾವಳಿಗೆ ಅದೇ ಕುಪ್ಪಸದ ಬಟ್ಟೆ, ಅಂದರೆ ಖಣ, ಸುತ್ತಿದ ನನ್ನ ಚಾಕ್ಲೇಟ್ ಡಬ್ಬಿಗಳು 400ರ ಹತ್ತಿರ ಹೋದವು. ಈಗ ಸಂಜೆ ಪಟ್ಟಿ ಕತ್ತರಿಸಲು ಅವರೇ ಕೂರುತ್ತಾರೆ.

ಚಾಕ್ಲೇಟ್ ಕರಗಿಸಿ ಹದ ಮಾಡುವ ಟೆಂಪರಿಂಗ್ ಪುರಾಣ ನಿಮಗೆ ಬೇಡ, ನೀವೂ ಚಾಕ್ಲೇಟ್ ಮಾಡುವವರೇ ಅಲ್ವಾ. ಇದು ಬರೀ ಡಬ್ಬಿಯ ಕಥೆ. ನನ್ನ ದುಡ್ಡು ಹೋಗಿದ್ದೂ ಅಲ್ಲೇ, ಬಂದಿದ್ದೂ ಅಲ್ಲೇ.

ಮೊದಲ ವರ್ಷ ಎಲ್ಲರಂತೆ ನಾನೂ ಬಣ್ಣದ ಡಬ್ಬಿಗೆ ಬಿದ್ದೆ. 1000ಕ್ಕಿಂತ ಕಡಿಮೆಯಾದರೆ ಅಚ್ಚಿನ ಪ್ಲೇಟಿನ ಖರ್ಚೂ ಹುಟ್ಟಲ್ಲ ಅಂದರು ಪ್ರೆಸ್ಸಿನವರು. ಸರಿ, 1000 ಹಾಕಿಸಿದೆ. ಒಂದಕ್ಕೆ 22 ರೂಪಾಯಿ, ಡಿಸೈನಿಗೆ ಬೇರೆ 3000. ಮುಚ್ಚಳದ ತುಂಬ ಹಣತೆ, ರಂಗೋಲಿ, ದೀಪಾವಳಿ ಶುಭಾಶಯ. ಮಾರಿದ್ದು 140. ಹಬ್ಬದ ಮರುದಿನ ಆ ಡಬ್ಬಿಯನ್ನು ಕೇಳುವವರಿಲ್ಲ. ಕ್ರಿಸ್‌ಮಸ್‌ಗೆ ಹಣತೆಯ ಡಬ್ಬಿ ಯಾರಿಗೆ ಕೊಡ್ತೀರಿ? ಹಣತೆಯ ಮೇಲೆ ನಕ್ಷತ್ರದ ಸ್ಟಿಕರ್ ಅಂಟಿಸಿ ನೋಡಿದೆ. ಗಾಯಕ್ಕೆ ಪಟ್ಟಿ ಹಾಕಿದ ಹಾಗೆ ಕಂಡಿತು.

ಆಮೇಲೆ ಪಾರದರ್ಶಕ ಕಿಟಕಿಯ ಡಬ್ಬಿ ತಂದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಸಿಲು ಬಿದ್ದು, ಒಂದೇ ವಾರಕ್ಕೆ ಚಾಕ್ಲೇಟಿನ ಮೇಲೆ ಬೂದಿ ಬಳಿದಂತಾಯಿತು. ಬಾಗಲಕೋಟೆಯ ಬಿಸಿಲಿಗೆ ಕಿಟಕಿ ಇಟ್ಟ ನನಗೇ ಬುದ್ಧಿ ಇರಲಿಲ್ಲ.

ಖಣದ ವಿಚಾರ ಹೊಳೆದದ್ದು ಅಕ್ಕನ ಮಗಳ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ. ಉಡಿ ತುಂಬಲು ಖಣ ಮಡಚುತ್ತ ಕೂತಿದ್ದೆ. ಅದೇ ತಟ್ಟೆಯಲ್ಲಿ ನನ್ನ ಬೋಳು ಕಂದು ಡಬ್ಬಿ. ಮಡಚಿದ ಖಣವೊಂದು ಜಾರಿ ಡಬ್ಬಿಯ ಮೇಲೆ ಬಿತ್ತು. ಅಕ್ಕ, "ಅದನ್ನ ಹಂಗ ಬಿಡು, ಚಂದ ಕಾಣ್ತದ" ಅಂದಳು.

ಆ ವರ್ಷವೇ ಪೇಟೆಯ ಅಂಗಡಿಯಿಂದ ಖಣ ತಂದು 60 ಡಬ್ಬಿ ಕಟ್ಟಿದೆ. ಕೊಟ್ಟ ಮೂರನೇ ದಿನ ಬೀಗತಿಯೊಬ್ಬರ ಫೋನು: "ಚಾಕ್ಲೇಟ ಟ್ರಂಕಿನ್ಯಾಗ ಇಟ್ಟಿದ್ರೇನ್ರಿ?" ಒಂದು ಡಬ್ಬಿ ಒಡೆದು ಬಾಯಿಗೆ ಹಾಕಿಕೊಂಡೆ. ಡಾಂಬರು ಗುಳಿಗೆಯ ವಾಸನೆ! ಅಂಗಡಿಯ ಕಪಾಟಿನಲ್ಲಿ ಬಟ್ಟೆಯ ನಡುವೆ ಗುಳಿಗೆ ಇಟ್ಟಿರುತ್ತಾರೆ. ಚಾಕ್ಲೇಟಿನಲ್ಲಿರುವ ಕೋಕೋ ಬೆಣ್ಣೆ ಪಕ್ಕದಲ್ಲಿದ್ದ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಟ್ಟೆಯನ್ನು ಮೂಸಿ ನೋಡಬೇಕು ಅಂತ ಹೊಳೆಯಲಿಲ್ಲ. ವಾಪಸ್ ಕೊಟ್ಟ ದುಡ್ಡು 15 ಸಾವಿರದ ಮೇಲೆ. ಮನೆಯಲ್ಲಿ ಕುಪ್ಪಸದ ಮಾತು ಮತ್ತೆ ಶುರುವಾಯಿತು.

ಈಗ ಗುಳೇದಗುಡ್ಡಕ್ಕೇ ಹೋಗಿ ನೇಯುವವರ ಮನೆಯಿಂದ ತರುತ್ತೇನೆ. ಮಗ್ಗದಿಂದ ಇಳಿದ ಬಟ್ಟೆ, ಗುಳಿಗೆ ಕಂಡಿರುವುದಿಲ್ಲ. ಆದರೂ ನಾಲ್ಕು ದಿನ ನೆರಳಲ್ಲಿ ಹರವುತ್ತೇನೆ. ಚಾಕ್ಲೇಟನ್ನು ಒಳಗೆ ಸೀಲ್ ಮಾಡಿದ ಕವರಿನಲ್ಲಿ ಇಡುತ್ತೇನೆ. ಖಣ ಡಬ್ಬಿಯ ಹೊರಗೆ ಮಾತ್ರ, ಸೊಂಟಪಟ್ಟಿಯ ಹಾಗೆ.

ಲೆಕ್ಕ ಹೀಗೆ. ಮೀಟರಿಗೆ ಸುಮಾರು 150 ರೂಪಾಯಿ. 6 ಸೆಂಟಿಮೀಟರ್ ಅಗಲ ಕತ್ತರಿಸಿ, ಅಂಚು ಒಳಗೆ ಮಡಚಿದರೆ 4 ಉಳಿಯುತ್ತದೆ. 12 ಚಾಕ್ಲೇಟಿನ ಡಬ್ಬಿಗೆ ಒಂದು ಮೀಟರಿನಲ್ಲಿ 30 ಪಟ್ಟಿ ಬರುತ್ತವೆ, ಅಂದರೆ ಒಂದಕ್ಕೆ 5 ರೂಪಾಯಿ. ಬೋಳು ಡಬ್ಬಿ 14, ಮೇಲಿನ ಚೀಟಿ 2. ಎಲ್ಲ ಸೇರಿ 21. ಬಣ್ಣದ ಡಬ್ಬಿಗಿಂತ ಕಡಿಮೆ! ಮಾರುವ ಬೆಲೆಯನ್ನು ಮಾತ್ರ 380ರಿಂದ 450ಕ್ಕೆ ಏರಿಸಿದೆ. ಯಾರೂ ತಕರಾರು ಮಾಡಲಿಲ್ಲ. ಪಟ್ಟಿಯ ತುದಿ ಎಳೆ ಬಿಚ್ಚದಂತೆ ಏನು ಹಚ್ಚುತ್ತೇನೆ ಅಂತ ಕೇಳಬೇಡಿ. ಅಡುಗೆ ಮನೆಯಲ್ಲೇ ಇರುವ ವಸ್ತು, ಅಷ್ಟು ಹೇಳಬಲ್ಲೆ.

ಒಮ್ಮೆ ತೇರಿನ ಬುಟ್ಟಾ (ನೇಯ್ದ ಚಿತ್ತಾರ) ಇರುವ ಖಣ ತಂದು, ಪಟ್ಟಿ ಜಾಸ್ತಿ ಬರಲಿ ಅಂತ ಅಡ್ಡ ಕತ್ತರಿಸಿದೆ. ಒಬ್ಬ ಅಜ್ಜಿ ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ತೇರು ಮಕ್ಕೊಂಡೈತಲ್ಲ ತಂಗಿ!" ಹಬ್ಬಕ್ಕೆ ಮಲಗಿದ ತೇರು ಕೊಟ್ಟರೆ ಯಾರು ತಗೋತಾರೆ? 50 ಪಟ್ಟಿ ಬಿಚ್ಚಿದೆ. ಈಗ ಹೆಚ್ಚಾಗಿ ಸೂಜಿಮಲ್ಲಿಗೆ ಬುಟ್ಟಾ ತರುತ್ತೇನೆ. ಹೇಗೆ ತಿರುಗಿಸಿದರೂ ಹೂವು ಹೂವೇ.

ಚೀಟಿಯ ಅಚ್ಚಿಗೆ ಲಗ್ನಪತ್ರಿಕೆ ಮಾಡುವವರನ್ನು ಆಷಾಢದಲ್ಲಿ ಹಿಡಿಯಿರಿ. ಮದುವೆ ಇಲ್ಲದ ತಿಂಗಳು, ಯಂತ್ರ ಸುಮ್ನೆ ನಿಂತಿರುತ್ತದೆ. 300 ಚೀಟಿಯನ್ನೂ ಮುಖ ಸಿಂಡರಿಸದೆ ಹಾಕಿಕೊಡುತ್ತಾರೆ. ಮಾರ್ಗಶಿರದಲ್ಲಿ ಹೋದರೆ ನಿಮ್ಮನ್ನು ಮಾತಾಡಿಸುವವರೂ ಇರಲ್ಲ.

ಲೇಬಲ್ ಮಾತ್ರ ಪಟ್ಟಿ ಮುಚ್ಚದೆ ಕಣ್ಣಿಗೆ ಕಾಣುವ ಕಡೆಗೇ ಹಾಕಿ. ನಾನು ಮೊದಲು ಪಟ್ಟಿಯ ಕೆಳಗೆ ಅಂಟಿಸಿದ್ದೆ. ಸಸ್ಯಾಹಾರದ ಹಸಿರು ಚುಕ್ಕೆ, ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು, ಎಂಆರ್‌ಪಿ ಎಲ್ಲ ಬಟ್ಟೆಯಡಿ ಮುಚ್ಚಿಹೋಗಿದ್ದವು. ಬೆಳಗಾವಿಯ ಒಂದು ಅಂಗಡಿಯವರು 40 ಡಬ್ಬಿ ವಾಪಸ್ ಕಳಿಸಿದರು. ತಪ್ಪು ನನ್ನದೇ. ಇನ್ನೊಂದು, ಫ್ರಿಜ್ಜಿನಿಂದ ತೆಗೆದ ಡಬ್ಬಿಗೆ ತಕ್ಷಣ ಪಟ್ಟಿ ಹಾಕಬೇಡಿ. ಡಬ್ಬಿ ಬೆವರಿ ಕೆಂಪು ಖಣ ಬಣ್ಣ ಬಿಡುತ್ತದೆ. ಎರಡು ತಾಸು ಹೊರಗಿಡಿ.

ನಡುವೆ ಹುಚ್ಚಾಟವೂ ನಡೆಯಿತು. ಗೋಕಾಕದ ಗೊಂಬೆಗಳ ಹಾಗೆ ಬಣ್ಣ ಬಳಿದ ಮರದ ಡಬ್ಬಿ ಮಾಡಿಸಿದೆ. ಕಣ್ಣು ಕೀಳಲಾಗದಷ್ಟು ಚಂದ, ಆದರೆ ಒಂದಕ್ಕೆ 180 ಬಿತ್ತು. ತೂಕ ನೋಡಿ ಪಾರ್ಸೆಲ್‌ನವನು ನಕ್ಕ. ಮುತ್ತುಗದ ಎಲೆಯ ಪೊಟ್ಟಣವನ್ನೂ ಹೊಲಿದೆ. ಮೊದಲ ದಿನ ಎಲ್ಲರೂ ಹೊಗಳಿದರು, ಐದನೇ ದಿನ ಒಣಗಿ ಬಿರಿಯಿತು. ಅದನ್ನು ಇನ್ನೂ ಕೈಬಿಟ್ಟಿಲ್ಲ.

ಈ ಡಿಸೆಂಬರಿಗೆ ಕೆಂಪು ಅಂಚಿನ ಹಸಿರು ಖಣ ತಂದಿಟ್ಟಿದ್ದೇನೆ. ಡಬ್ಬಿ ಅದೇ, ಪಟ್ಟಿ ಬದಲಾದರೆ ಹಬ್ಬ ಬದಲಾಯಿತು. ಬೆಳಗಾವಿಯಿಂದ 120ಕ್ಕೆ ಮಾತಾಗಿದೆ, ಲೇಬಲ್ ಕಾಣದೆ ಡಬ್ಬಿ ವಾಪಸ್ ಕಳಿಸಿದ ಅದೇ ಅಂಗಡಿಯವರು. ಹಣತೆಯ ಡಬ್ಬಿಗಳು ಇನ್ನೂ ಮಂಚದ ಕೆಳಗಿವೆ. ಅವುಗಳಲ್ಲಿ ನಮ್ಮ ಮನೆಯವರು ಕತ್ತರಿಸಿದ ಪಟ್ಟಿ ಜೋಡಿಸಿಡುತ್ತಾರೆ.